ಕಾಕು ಹತ್ತದ ಬಸ್ಸು

ಮನೆಯಲ್ಲಿ ಕಂಬಳಿ ಹೊದ್ದು ಆರಾಮಾಗಿ ಮಲಗಿದ್ದ ಒಬ್ಬ ಹೆಂಗಸನ್ನು ನಾನೊಮ್ಮೆ ಪತ್ರಿಕೆಯಲ್ಲಿ ಆಮರಣ ಉಪವಾಸಕ್ಕೆ ಕೂರಿಸಿಬಿಟ್ಟಿದ್ದೆ. ಕೂರಿಸಿದ್ದು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ. ಅವರು ಮಲಗಿದ್ದು ಮೂಡಲಗಿ ಕಡೆಯ ತಮ್ಮ ಹಳ್ಳಿಯಲ್ಲಿ. ನಡುವೆ ಅಷ್ಟು ದೂರ ಇದ್ದರೂ ನನ್ನ ವರದಿಗೆ ಏನೂ ಅಡ್ಡಿಯಾಗಲಿಲ್ಲ. ‘ವೃದ್ಧೆಯ ಸ್ಥಿತಿ ಗಂಭೀರ’ ಎಂದು ಕೊನೆಯಲ್ಲಿ ಒಂದು ಸಾಲು ಬೇರೆ ಸೇರಿಸಿದ್ದೆ. ಅದನ್ನು ಸೇರಿಸುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕೈಯಲ್ಲಿದ್ದ ಮಿರ್ಚಿ ಭಜಿಯ ಖಾರಕ್ಕೆ ಬಂದಿರಲೂಬಹುದು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬೆಳಗಾವಿಯಿಂದ ಹೊರಡುತ್ತಿದ್ದ ಒಂದು ಸಣ್ಣ ದಿನಪತ್ರಿಕೆಗೆ ನಾನು ಗೋಕಾಕದ ಬಾತ್ಮೀದಾರ. ಪಗಾರ, ಸಂಬಳ ಏನೂ ಇರಲಿಲ್ಲ. ಸುದ್ದಿ ಅಚ್ಚಾದರೆ ಸಂಪಾದಕರು ಚಹಾ ಕುಡಿಸುತ್ತಿದ್ದರು, ಅದೂ ನಾನು ಬೆಳಗಾವಿಗೆ ಹೋದರೆ. ಹೋಗಲು ಬಸ್ ಚಾರ್ಜು ನನ್ನದೇ. ಹೀಗಾಗಿ ನಾನು ಬರೆದ ಸುದ್ದಿಗಳ ಚಹಾ ಇನ್ನೂ ಅಲ್ಲೇ ಆರುತ್ತಿರಬೇಕು. ಕರದಂಟಿನ ಹೊಸ ಅಂಗಡಿ ಉದ್ಘಾಟನೆ, ಕಳೆದುಹೋದ ಹೋರಿ, ಸಿಕ್ಕ ಹೋರಿ, ಫಾಲ್ಸಿನಲ್ಲಿ ಈ ಸಲ ನೀರು ಎಷ್ಟು, ಇಂಥವನ್ನು ಬರೆದು ಬರೆದು ನನಗೆ ಒಂದು ದೊಡ್ಡ ಸುದ್ದಿಯ ಹಸಿವು ಹತ್ತಿತ್ತು. ಹಸಿದವನ ಕಣ್ಣಿಗೆ ಕಾಕು ಬಿದ್ದರು. ಅವರು ಹಸಿದಿದ್ದರೋ ನಾನು ಹಸಿದಿದ್ದೆನೋ ಎಂಬುದನ್ನು ವಿಚಾರಿಸುವ ಪುರಸೊತ್ತು ನನಗಿರಲಿಲ್ಲ.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇವರು ಊರಿಗೆಲ್ಲ ಕಾಕು, ಅಷ್ಟೇ. ಅವರ ಹೆಸರು ಗೊತ್ತಿದ್ದವರೂ ಕರೆಯುತ್ತಿದ್ದದ್ದು ಹಾಗೇ. ಕಾಲುವೆ ದಂಡೆಯ ಊರಿನ ಹಳೇ ಜೈನ ಒಕ್ಕಲು ಮನೆಯವರು. ಒಂದಿಷ್ಟು ಕಬ್ಬು, ಒಂದಿಷ್ಟು ಗೋವಿನಜೋಳ, ಮಾತು ಕಡಿಮೆಯ ಯಜಮಾನರು, ಮಾತು ಕೇಳದ ಎಮ್ಮೆ. ದೇವರ ಜೊತೆ ಮರಾಠಿ ಮಾತಾಡುತ್ತಿದ್ದರು, ಎಮ್ಮೆಯ ಜೊತೆ ಕನ್ನಡ, ಸರ್ಕಾರದ ಜೊತೆ ಎರಡೂ. ಸಣ್ಣ ಆಳು. ಕಡ್ಡಿಯಂಥ ಕೈ. ಹೆಗಲಿಗೆ ಒಂದು ಬಟ್ಟೆಯ ಚೀಲ, ಅದರಲ್ಲಿ ಮಧ್ಯಾಹ್ನದ ಬುತ್ತಿ, ನೀರು ಸೋಸಲು ಒಂದು ಬಿಳಿ ಅರಿವೆ. ಎಲ್ಲಿ ನೀರು ಕುಡಿದರೂ ಆ ಅರಿವೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ಆಫೀಸುಗಳಲ್ಲಿ ಕೇಳಿದ ಉತ್ತರಗಳನ್ನೂ ಅದೇ ಅರಿವೆಯಲ್ಲಿ ಸೋಸುತ್ತಿದ್ದರೇನೋ ಎಂದು ನನಗೆ ಅನುಮಾನ, ಯಾಕೆಂದರೆ ಕೊನೆಗೆ ಅವರ ಕೈಯಲ್ಲಿ ಉಳಿಯುತ್ತಿದ್ದದ್ದು ಬರೀ ಕಸ.

ಅವರಿಗೆ ಒಂದೇ ಒಂದು ಪ್ರಶ್ನೆ ಬರುತ್ತಿತ್ತು. ಕೆಟ್ಟದ್ದು ಏನೇ ಕಾಣಲಿ, ಸಿಟ್ಟಿಲ್ಲ, ದನಿ ಏರಿಸುವುದಿಲ್ಲ, ಮೊಮ್ಮಕ್ಕಳು ‘ನಕ್ಷತ್ರ ಯಾಕ ಬೀಳೂದಿಲ್ಲ’ ಎಂದು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳುವರು: “ಇದರ ಪಗಾರ ಯಾರಿಗೆ ಬರತೈತ್ರಿ?”

ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು, ಬಂದ ಪೇಚೆಲ್ಲ ಅದರಿಂದಲೇ. ಬೈದರೆ ಬೈಸಿಕೊಂಡು ಸುಮ್ಮನಾಗಬಹುದು. ಅರ್ಜಿ ಕೊಟ್ಟರೆ ಇಸಿದುಕೊಂಡು ಮರೆಯಬಹುದು. ಕುತೂಹಲದಿಂದ ಕಣ್ಣು ಅರಳಿಸಿ ಎದುರು ನಿಂತ ಹೆಂಗಸಿಗೆ ಏನು ಮಾಡುವುದು ಎಂದು ಯಾವ ಆಫೀಸಿನಲ್ಲೂ ಕಲಿಸಿರಲಿಲ್ಲ.

ಅವರ ಊರಿಗೆ ಒಂದು ಬಸ್ ತಂಗುದಾಣ ಮಂಜೂರಾಗಿತ್ತು. ಕಟ್ಟಿದವರು ಅದರ ಬೆನ್ನನ್ನು ರಸ್ತೆಗೆ ಮಾಡಿ, ಮುಖವನ್ನು ಕಾಲುವೆಗೆ ಮಾಡಿ ಕಟ್ಟಿದರು. ಒಳಗೆ ಕೂತವರಿಗೆ ನೀರು ಕಾಣುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಎಂಜಿನಿಯರು ನೋಡಲು ಬಂದಾಗ ಕಾಕು ಅವರನ್ನು ಒಳಗೆ ಕೂರಿಸಿದರು.

“ಇಲ್ಲಿ ಕುಂತವರು ಬಸ್ ನೋಡಬೇಕೋ, ಬೆಳ್ಳಕ್ಕಿ ನೋಡಬೇಕೋ?”

“ನಕ್ಷಾ ಮ್ಯಾಲಿಂದ ಬಂದೈತ್ರಿ ಕಾಕು.”

“ಮ್ಯಾಲಿನವರು ಇಲ್ಲಿ ಬಸ್ಸಿಗೆ ಕುಂಡ್ರಾಕ ಬರ್ತಾರೇನು?”

“ಇಲ್ರಿ.”

“ಹಂಗಾದ್ರ ಇದರ ಪಗಾರ ಯಾರಿಗೆ ಬರತೈತ್ರಿ?”

ಎಂಜಿನಿಯರು ಸ್ವಲ್ಪ ಹೊತ್ತು ಬೆಳ್ಳಕ್ಕಿ ನೋಡಿದರು. ಆಮೇಲೆ ಹಿಂದಿನ ಗೋಡೆಯಲ್ಲಿ ಒಂದು ಕಿಡಕಿ ಒಡೆಸಿಕೊಟ್ಟರು. ಅದು ಎಷ್ಟು ಎತ್ತರಕ್ಕೆ ಆಯಿತೆಂದರೆ, ಕೂತವರಿಗೆ ಅದರಿಂದ ರಸ್ತೆ ಕಾಣುತ್ತಿರಲಿಲ್ಲ, ಕಬ್ಬಿನ ಮೇಲಿನ ಆಕಾಶ ಮಾತ್ರ ಕಾಣುತ್ತಿತ್ತು. ಕಾಕು ಅಷ್ಟಕ್ಕೆ ಬಿಟ್ಟರು. ಆಕಾಶವೂ ಉಪಯೋಗಕ್ಕೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೊಮ್ಮೆ ಸಬ್ಸಿಡಿಯಲ್ಲಿ ತುಂತುರು ನೀರಾವರಿಯ ಪೈಪು ಬಂದವು. ಇಲಾಖೆಯವರು ಅವನ್ನು ಕಾಕು ಅವರ ಹೊಲದಲ್ಲಿ ಜೋಡಿಸಿದರು, ಫೋಟೋ ಹೊಡೆದರು, ‘ಚೆಕ್ಕಿಂಗ್ ಐತ್ರಿ’ ಎಂದು ಬಿಚ್ಚಿ ಒಯ್ದರು. ಒಯ್ಯುವ ಮೊದಲು ಕಾಕು ಒಂದು ಪೈಪಿನ ಕುತ್ತಿಗೆಗೆ ತಮ್ಮ ಹಳೇ ಸೀರೆಯ ಕೆಂಪು ದಡಿಯ ಚೂರು ಕಟ್ಟಿದರು. ಯಾಕೆ ಎಂದು ಕೇಳಿದವರಿಗೆ “ಹಾದ್ಯಾಗ ದೃಷ್ಟಿ ಆದೀತು” ಎಂದರು. ಮುಂದಿನ ಸಲ ಅಧಿಕಾರಿ ಬಂದದ್ದು ಪಕ್ಕದ ಊರಿನ ಒಬ್ಬ ರೈತನ ಹೊಲಕ್ಕೆ. ಕಾಕು ಅಲ್ಲಿಗೂ ಹೋದರು. ಪೈಪುಗಳ ಸಾಲಿನಲ್ಲಿ ಕೆಂಪು ದಡಿ ಗಾಳಿಗೆ ಆಡುತ್ತಿತ್ತು.

“ಅಯ್ಯ, ನಮ್ಮ ಪೈಪ್ ಇಲ್ಲಿಗೆ ಬಂದಾವಲ್ರಿ,” ಎಂದರಂತೆ ಸಂಬಂಧಿಕರು ಸಿಕ್ಕ ಸಂತೋಷದಲ್ಲಿ. “ನಡಕೋತ ಬಂದ್ವೋ, ಬಸ್ಸಿಗೆ ಬಂದ್ವೋ? ಬಸ್ಸಿಗೆ ಬಂದ್ರ ಟಿಕೀಟ ಯಾರು ತಗಸಿದ್ರು?”

ಹೊಲದಲ್ಲಿ ನೆರೆದವರು ನಕ್ಕ ನಗೆಗೆ ಅಧಿಕಾರಿಯ ಜೀಪು ತಾನಾಗಿಯೇ ಚಾಲೂ ಆಯಿತು ಎಂದು ನಾನು ಅಂದು ಬರೆದಿದ್ದೆ. ಅಷ್ಟು ಮಾತ್ರ ನಾನು ಸೇರಿಸಿದ್ದು. ಕೆಲವು ದಿನಕ್ಕೆ ಎರಡೂ ಹೊಲಕ್ಕೆ ಬೇರೆ ಬೇರೆ ಪೈಪು ಬಂದದ್ದು ಮಾತ್ರ ಖರೆ. ಕೆಂಪು ದಡಿ ಕಟ್ಟಿದ್ದನ್ನೇ ತಮಗೆ ಕೊಡಬೇಕು ಎಂದು ಕಾಕು ಹಟ ಹಿಡಿದು ಇಸಿದುಕೊಂಡರು. ಅದಕ್ಕೆ ಊರು ತಿರುಗಿ ಅನುಭವ ಬಂದಿದೆ ಎಂಬುದು ಅವರ ವಾದ.

ಈಗ ಬಸ್ಸಿನ ಮಾತು.

ಕಾಕು ಅವರ ಊರಿಗಿದ್ದದ್ದು ಒಂದೇ ಸರ್ಕಾರಿ ಬಸ್ಸು. ಮುಂಜಾನೆ ಮೂಡಲಗಿ ಕಡೆಯಿಂದ ಗೋಕಾಕಕ್ಕೆ, ಸಂಜೆ ಗೋಕಾಕದಿಂದ ವಾಪಸು. ಯಾವ ಡಿಪೋದ್ದು ಎಂದು ಹೇಳುವುದಿಲ್ಲ, ಅವರಿಗೂ ಮೊಮ್ಮಕ್ಕಳಿದ್ದಾರೆ. ಆ ಬಸ್ಸು ಹೊಗೆ ಬಿಡುತ್ತಿತ್ತು ಎಂದರೆ ಸಾಲದು. ಹೊಗೆಯೇ ಬರುತ್ತಿತ್ತು, ಅದರ ಮುಂದೆ ಒಂದು ಬಸ್ಸು ಇರುತ್ತಿತ್ತು. ನಾನೊಮ್ಮೆ ಹೆಣ್ಣು ನೋಡಲು ಬಿಳೀ ಅಂಗಿ ಹಾಕಿಕೊಂಡು ಅದರ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ಹುಡುಗಿಯ ಅಪ್ಪ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ಹುಡುಗ ಪೇಪರ್‌ದಾಗ ಅದಾನಂದ್ರಿ. ಬೆಲ್ಲದ ಗಾಣದಾಗ ಅದಾನೇನು?” ಎಂದು ನಮ್ಮ ಮಾವನನ್ನು ಕೇಳಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ನಾನು ಇವತ್ತಿಗೂ ಆ ಸೋಲನ್ನು ಸರ್ಕಾರದ ಮೇಲೆ ಹಾಕುತ್ತೇನೆ.

ಆ ಬಸ್ಸಿನ ಮುಂದಿನ ಗಾಜಿಗೆ ‘ಹೊಗೆ ತಪಾಸಣೆ ಆಗಿದೆ’ ಎಂಬ ಚೀಟಿ ಅಂಟಿಸಿತ್ತು. ಮಸಿ ಒರೆಸಿದರೆ ಓದಬಹುದಿತ್ತು. ಕಾಕು ಒಂದು ದಿನ ಒರೆಸಿ, ನನ್ನಿಂದ ಓದಿಸಿ, ಡ್ರೈವರನ್ನು ಕೇಳಿದರು: “ಪರೀಕ್ಷಾ ಮಾಡುವಾಗ ಇಂಜಿನ್ ಚಾಲೂ ಇತ್ತೋ, ಬಂದ್ ಇತ್ತೋ?”

“ಕಾಕು, ನಾ ಬರೇ ಹೊಡಿಯಾಂವ್ರಿ.”

“ಖರೆ. ನೀ ಹೊಡೀತಿ, ನಾ ಕೆಮ್ಮತೀನಿ. ನೀರ ಸೋಸಾಕ ನನ್ನ ಕಡೆ ಅರಿವಿ ಐತಿ. ಗಾಳಿ ಸೋಸಾಕ ಯಾವ ಅರಿವಿ ತರಲಿ? ಪಾಸ್ ಮಾಡಿದವರ ಕಡೆ ಇದ್ರ ಕೇಳಿ ಬಾ.”

ಇಷ್ಟೆಲ್ಲ ಇದ್ದರೂ ಆ ಬಸ್ಸು ನಿಲ್ಲುವುದು ಅವರಿಗೆ ಬೇಕಿರಲಿಲ್ಲ. ಅವರ ಮೊಮ್ಮಗಳು ಅದೇ ಬಸ್ಸಿನಲ್ಲಿ ಗೋಕಾಕದ ಕಾಲೇಜಿಗೆ ಹೋಗುತ್ತಿದ್ದಳು. ಊರಿಂದ ಕಾಲೇಜು ಹತ್ತಿದ ಮೊದಲ ಹುಡುಗಿ. ಬಸ್ಸು ನಿಂತರೆ ಟೆಂಪೋದಲ್ಲಿ ಗಂಡಸರ ನಡುವೆ ಜೋತಾಡಿಕೊಂಡು ಹೋಗಲು ಕಳಿಸುವುದಿಲ್ಲ, ಓದು ಬಿಡಿಸಿ ಮದುವೆ ಮಾಡಿಬಿಡುವುದು ಎಂದು ಮನೆಯ ಗಂಡಸರು ಮಾತಾಡಿಕೊಂಡಿದ್ದರು. ಆ ಹೊತ್ತಿಗೇ ಬಸ್ಸು ತೆಗೆಯುತ್ತಾರಂತೆ ಎಂಬ ಸುದ್ದಿಯೂ ಎದ್ದಿತ್ತು. ಮಂದಿ ಹತ್ತುವುದಿಲ್ಲ ಎಂದು ಯಾರೋ ಮೇಲಕ್ಕೆ ಬರೆದಿದ್ದರಂತೆ. ದಿನಾ ಅದರಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗುವವರಿಗೆ ಇದು ಆಶ್ಚರ್ಯದ ಸಂಗತಿಯಾಗಿತ್ತು.

ನಾನು ಇತಿಹಾಸ ನಿರ್ಮಿಸಿದ ಸಂಜೆ ಗೋಕಾಕದ ಸ್ಟ್ಯಾಂಡಿಗೆ ಹೋದಾಗ ಕಾಕು ಕಲ್ಲಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಚಳಿಗಾಲ. ಹೊತ್ತು ಆಗಷ್ಟೇ ಮುಳುಗಿತ್ತು. ಅವರ ಬಸ್ಸು ನಿಲ್ಲುವ ಜಾಗ ಖಾಲಿ. ನನ್ನ ಕೈಯಲ್ಲಿ ಕಾಗದದ ತುಂಬ ಮಿರ್ಚಿ.

“ಕಾಕು, ಊರಿಗೆ ಹೋಗಲಿಲ್ಲೇನ್ರಿ?”

“ಬಸ್ ಹೋತು.”

“ಮಿರ್ಚಿ ತಗೋರಿ, ಬಿಸಿ ಅದಾವು.”

“ಬ್ಯಾಡ ಬಾಳಾ,” ಎಂದರು ಮರಾಠಿಯಲ್ಲಿ ಮಗುವನ್ನು ಕರೆಯುವ ಹಾಗೆ.

“ಚಾ ತರಿಸಲೇನ್ರಿ?”

“ಬ್ಯಾಡ.”

“ನೀರರ ಕುಡೀರಿ.”

ಕಾಕು ಆಕಾಶದ ಕಡೆ ನೋಡಿದರು. “ಇನ್ನ ನೀರೂ ಇಲ್ಲ.”

ನನ್ನ ಎದೆಯಲ್ಲಿ ಅಚ್ಚಿನ ಮಷೀನು ಶುರುವಾಯಿತು. “ಬಸ್ಸಿನ ಸಲುವಾಗಿ ಏನ್ರಿ?”

“ಹೂಂ. ಬಸ್ಸಿನ ಸಲುವಾಗೇ.”

ಇನ್ನೇನು ಬೇಕು. ನಾನು ಎಸ್‌ಟಿಡಿ ಬೂತಿಗೆ ಓಡಿದೆ. ಅರ್ಧ ದಾರಿಯಲ್ಲಿ ಬಿದ್ದ ಒಂದೆರಡು ಮಿರ್ಚಿಯನ್ನು ನಾಯಿ ತಿಂದದ್ದೂ ಗೊತ್ತಾಗಲಿಲ್ಲ. ಬೆಳಗಾವಿಗೆ ಫೋನು ಹಚ್ಚಿ, ‘ಬಸ್ಸಿಗಾಗಿ ವೃದ್ಧೆಯ ಆಮರಣ ಉಪವಾಸ, ನೀರೂ ಮುಟ್ಟದ ದಿಟ್ಟೆ’ ಎಂದು ಒದರಿ ಒದರಿ ಬರೆಸಿದೆ.

ಇದನ್ನು ಓದುತ್ತಿರುವ ನಮ್ಮ ಕಡೆಯವರು ಈಗಾಗಲೇ ಹಣೆ ಬಡಿದುಕೊಂಡಿರುತ್ತಾರೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಕಾಕು ಅವರಂಥ ಕಟ್ಟಾ ನೇಮದವರಿಗೆ ನೀರೂ ಇಲ್ಲ. ಗೋಕಾಕದ ದನಕರುಗಳಿಗೂ ಇದು ಗೊತ್ತು. ನಾನಂತೂ ಜೈನರ ಓಣಿಯ ಪಕ್ಕದಲ್ಲೇ ಹುಟ್ಟಿದವನು. ಸಂಜೆ ಬೆಳಕಿರುವಾಗಲೇ ಗೆಳೆಯನ ಮನೆಯಲ್ಲಿ ಉಂಡು, ಆಮೇಲೆ ನಮ್ಮ ಮನೆಗೆ ಬಂದು ಲಿಂಗಪೂಜೆ ಮುಗಿಸಿದ ಅಪ್ಪನ ಪಂಕ್ತಿಯಲ್ಲಿ ಇನ್ನೊಮ್ಮೆ ಉಂಡು, ಎರಡೂ ಧರ್ಮದ ಲಾಭ ಪಡೆದವನು. ಆ ಹೊತ್ತಿಗೆ ಮಾತ್ರ ಒಂದೂ ನೆನಪಾಗಲಿಲ್ಲ. ನಾನು ಬೂತಿನಿಂದ ಹೊರಗೆ ಬರುವಷ್ಟರಲ್ಲಿ ಕಾಕು ಅವರಿಗೆ ಊರಿನ ಬೆಲ್ಲದ ವ್ಯಾಪಾರಿಯ ಟೆಂಪೋ ಸಿಕ್ಕು, ಅವರು ಮನೆಗೆ ಹೋಗಿಬಿಟ್ಟಿದ್ದರು. ಬೆಂಚು ಖಾಲಿ ಕಂಡು ‘ಪೊಲೀಸರು ಎತ್ತೊಯ್ದಿರಬೇಕು’ ಎಂದು ತಿಳಿದು ನಾನು ಇನ್ನಷ್ಟು ಹೆಮ್ಮೆಪಟ್ಟೆ.

ಮರುದಿನ ಮುಂಜಾನೆ ನನ್ನನ್ನು ಎಬ್ಬಿಸಿದ್ದು ಪೊಲೀಸಪ್ಪ. “ಎಲ್ಲಿ ಅದಾಳಪಾ ನಿನ್ನ ಮುದುಕಿ? ಸ್ಟ್ಯಾಂಡಿನ್ಯಾಗ ಇಲ್ಲ, ದವಾಖಾನ್ಯಾಗ ಇಲ್ಲ. ಸಾಹೇಬ್ರು ಹುಡಿಕ್ಯಾಡಾಕತ್ತಾರ.”

ಜೀಪಿನಲ್ಲಿ ತಹಶೀಲ್ದಾರರಿದ್ದರು. ಅವರ ಪಕ್ಕ ಸಾರಿಗೆಯ ದೊಡ್ಡ ಸಾಹೇಬರು. ಹಿಂದಿನ ಸೀಟಿನಲ್ಲಿ ಬಸ್ ಸ್ಟ್ಯಾಂಡಿನ ಕಂಟ್ರೋಲರು, ಹಣೆ ತುಂಬ ವಿಭೂತಿ, ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಗಾಡಿಯಲ್ಲಿ ಉಪವಾಸ ಬಿಡಿಸುವುದರಲ್ಲಿ ಹೆಸರಾದ ಒಬ್ಬ ಲೀಡರು, ಲಿಂಬು ಶರಬತ್ತಿನ ಬಾಟಲಿ ಹಿಡಿದು. ಗುರುತು ತೋರಿಸಲು ನಾನು. ಸತ್ತವರ ಮನೆಗೆ ಹೋಗುವ ಹಾಗೆ ಹೊರಟೆವು.

ಕಾಕು ಅಂಗಳದಲ್ಲಿ ಎಳೆಬಿಸಿಲಿಗೆ ಕೂತು ಚುರಮರಿ ಸುಸಲಾ, ಅದೇ ಮಂಡಕ್ಕಿ ಒಗ್ಗರಣೆ, ತಿನ್ನುತ್ತಿದ್ದರು. ಬಾಟಲಿಯ ಮುಚ್ಚಳ ತೆಗೆದಿದ್ದ ಲೀಡರು ಹಾಗೇ ನಿಂತರು. ಕಾಕು ಇಷ್ಟು ಮಂದಿಯನ್ನು ಒಟ್ಟಿಗೆ ಕಂಡು ಗಾಬರಿಯಾಗಲಿಲ್ಲ. “ಬರ್ರಿ, ಕುಂಡ್ರಿ. ನಾಷ್ಟಾ ಮಾಡಿ ಮಾತಾಡೂನು” ಎಂದರು. ಮನೆ ಎಂದ ಮೇಲೆ ಬೇಡ ಎನ್ನಲಾದೀತೇ. ಉಪವಾಸ ಬಿಡಿಸಲು ಬಂದವರೆಲ್ಲ ಸಾಲಾಗಿ ಕೂತು ಸುಸಲಾ ತಿಂದರು. ಲೀಡರು ಎರಡನೆಯ ಸಲ ಹಾಕಿಸಿಕೊಂಡರು.

ತಹಶೀಲ್ದಾರರು ನನ್ನ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದರು. ಕಾಕು ಪೂರ್ತಿ ಕೇಳಿದರು.

“ಚಲೋ ಬರದಾನ,” ಎಂದರು. “ಸ್ಥಿತಿ ಗಂಭೀರ ಅಂದದ್ದು ನನಗೇನು?”

“ಕಾಕು, ಒಂದ ಮಾತು ಹೇಳ್ರಿ,” ಎಂದರು ತಹಶೀಲ್ದಾರರು. “ ನಿನ್ನೆ ಸಂಜೀಕ ಉಪವಾಸ ಇದ್ರೋ ಇಲ್ಲೋ?”

“ಹೊತ್ತು ಮುಳಗಿದ ಮ್ಯಾಲ ನಾವು ಉಣ್ಣೂದಿಲ್ರಿ. ಇದು ಗೋಕಾಕದಾಗ ಎಲ್ಲಾರಿಗೂ ಗೊತ್ತೈತಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎಮ್ಮೆಯ ಕಡೆ ನೋಡಿದೆ. ಎಮ್ಮೆಗೂ ಗೊತ್ತಿದ್ದಂತಿತ್ತು.

ಸಾರಿಗೆ ಸಾಹೇಬರಿಗೆ ಜೀವ ಬಂತು. “ನಿನ್ನೆ ಬಸ್ ಲೇಟ್ ಇತ್ತೇನ್ರಿ?”

“ಇಲ್ರಿ. ಟೈಮಿಗೆ ಬಂತು, ಟೈಮಿಗೆ ಹೋತು.”

“ಬರಕೋಳಪಾ,” ಎಂದರು ಸಾಹೇಬರು ನನಗೆ. ಆಮೇಲೆ ತಹಶೀಲ್ದಾರರಿಗೆ: “ನೋಡ್ರಿ ಸರ್. ನಿನ್ನೆ ನಾವ ಖುದ್ದ ಈ ರೂಟಿನ ಮಂದಿ ಎಣಿಸೇವಿ. ಮುಂಜಾನಿ ಇಡೀ ದಾರಿಗೆ ಒಬ್ರೂ ಹತ್ತಿಲ್ಲ. ಸಂಜೀಕ ಸ್ಟ್ಯಾಂಡಿನ್ಯಾಗ ಒಬ್ರೂ ಹತ್ತಿಲ್ಲ. ಖಾ‌ಲಿ ಬಸ್ ಓಡಿಸಿ ಡೀಸಲ್ ಯಾಕ ಸುಡೂದ್ರಿ? ಮುಂದಿನ ತಿಂಗಳಿಂದ ಬಂದ್ ಮಾಡೂದ ಆಗೈತಿ.”

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಮುಖ ಸಣ್ಣದಾಯಿತು. ಆಕೆ ಹಿಂದಿನ ದಿನ ಕಾಲೇಜಿಗೆ ಹೋಗಿರಲಿಲ್ಲ. ಬಸ್ಸೇ ಬರಲಿಲ್ಲ ಎಂದು ತಂಗುದಾಣದಲ್ಲಿ ಕಾದು ಕಾದು ಅಳುತ್ತ ಮನೆಗೆ ಬಂದಿದ್ದಳು. ಕಾಕು ಅವತ್ತು ಟೆಂಪೋ ಹಿಡಿದು ಗೋಕಾಕಕ್ಕೆ ಹೋದದ್ದೇ ಬರದ ಬಸ್ಸಿನ ಪಗಾರ ಯಾರಿಗೆ ಬರುತ್ತದೆ ಎಂದು ಕಂಟ್ರೋಲರನ್ನು ಕೇಳಲು.

ಕಾಕು ತಲೆ ಓರೆ ಮಾಡಿದರು. “ಸಾಹೇಬ್ರ, ನಿನ್ನೀ ಬಸ್ಸಿಗೆ ಹೊಗಿ ಇರಲಿಲ್ಲಲ್ಲ?”

“ಹೊಗಿ ಯಾಕ ಇರಬೇಕ್ರಿ? ನಮ್ಮ ಗಾಡಿ ಎಲ್ಲಾ ಪಾಸ್ ಆಗ್ಯಾವು.”

ಸಾಹೇಬರ ಮಾತು ಮುಗಿದಿರಲಿಲ್ಲ. ದೂರದಲ್ಲಿ, ಕಬ್ಬಿನ ಸೂಲಂಗಿಯ ಮೇಲೆ, ಆಕಾಶಕ್ಕೆ ಒಂದು ಕಪ್ಪು ಬಾಲ ಎದ್ದಿತು. ಅಂಗಳದ ಮೂಲೆಯಲ್ಲಿ ನಮ್ಮನ್ನು ನೋಡುತ್ತ ನಿಂತಿದ್ದ ಊರಮಂದಿ ಒಮ್ಮೆಗೇ ಕದಲಿದರು. ಹಾಲಿನ ಕ್ಯಾನು ಎತ್ತಿಕೊಂಡರು, ಕೂಸು ಎತ್ತಿಕೊಂಡರು. ಕಬ್ಬಿನ ಹೊಲದಿಂದ ಹೆಂಗಸರು ಕೈ ತೊಳೆಯುತ್ತ ಹೊರಗೆ ಬಂದರು. ಘಟಪ್ರಭಾದ ದವಾಖಾನೆಗೆ ಹೋಗುವ ಮುದುಕನೊಬ್ಬ ಕೋಲು ಮರೆತು ಓಡಿದ. ಮೊಮ್ಮಗಳು ಚೀಲ ಹೆಗಲಿಗೇರಿಸಿ, “ಆಜಿ, ಬಸ್ ಬಂತು” ಎಂದು ಹೊರಟಳು.

“ಎಲ್ಲೈತ್ರಿ ಬಸ್?” ಎಂದರು ತಹಶೀಲ್ದಾರರು. ರಸ್ತೆಯ ಮೇಲೆ ಏನೂ ಕಾಣುತ್ತಿರಲಿಲ್ಲ.

“ಹೊಗಿ ಕಾಣಸಾಕತ್ತೈತಲ್ರಿ,” ಎಂದರು ಕಾಕು. “ಕಬ್ಬು ಬೆಳದು ನಿಂತ ಮ್ಯಾಲ ದಾರಿ ಎಲ್ಲಿ ಕಾಣಸತೈತಿ? ತಂಗುದಾಣದಾಗ ಕುಂತ್ರ ಆಕಾಶ ಒಂದ ಕಾಣಸತೈತಿ. ನಾವು ಬಸ್ ನೋಡಿ ಹೋಗೂದಿಲ್ರಿ, ಹೊಗಿ ನೋಡಿ ಹೋಗ್ತೀವಿ. ಗೋಕಾಕದಾಗೂ ಹಂಗ. ಇಂಜಿನ್ ಚಾಲೂ ಆದ್ರ ಸಂತ್ಯಾಗ ಕುಂತವರಿಗೆ ಕಾಣಸತೈತಿ, ಆಗ ಎದ್ದು ಬರ್ತಾರ. ಹೊಗಿ ಇಲ್ಲದ ಬಸ್, ಅದೂ ಟೈಮಿಗೆ ಬಂದಿದ್ದು, ನಮ್ದಂತ ನಮ್ಮ ಊರ ಮಂದಿಗೆ ಹೆಂಗ ತಿಳೀಬೇಕು?”

ತಹಶೀಲ್ದಾರರು ನಿಧಾನವಾಗಿ ಸಾರಿಗೆ ಸಾಹೇಬರ ಕಡೆ ತಿರುಗಿದರು. ಕಂಟ್ರೋಲರು ಮಾತ್ರ ತಮ್ಮ ಚಪ್ಪಲಿ ನೋಡುತ್ತ ಮೀಸೆಯಲ್ಲೇ ನಕ್ಕದ್ದನ್ನು ನಾನು ಕಂಡೆ.

“ಇನ್ನೊಂದ ಕೇಳ್ಲೇನ್ರಿ?” ಎಂದರು ಕಾಕು. “ನಿನ್ನೆ ಬಂದದ್ದು ನಮ್ಮ ಬಸ್ಸೋ, ಇದು ನಮ್ಮ ಬಸ್ಸೋ? ನಿನ್ನೇದು ನಮ್ದಾದ್ರ ಇವತ್ತ ಎಲ್ಲಿ ಹೋತು? ಇದು ನಮ್ದಾದ್ರ ನಿನ್ನೆ ಮಂದಿ ಎಣಿಸಿದ್ದು ಯಾರ ಬಸ್ಸಿನ್ಯಾಗ? ನಮ್ಮ ಪೈಪಿನಂಗ ಇದೂ ಊರೂರು ತಿರಗತೈತೇನು? ಹೊಟ್ಟ್ಯಾಗ ಇಟಗೊಂಡು ಕುಂಡ್ರಾಕ ಆಗೂದಿಲ್ಲ ನನಗ, ಅದಕ್ಕ ಕೇಳ್ತೀನಿ. ಇದರ ಪಗಾರ ಯಾರಿಗೆ ಬರತೈತ್ರಿ?”

ಅಷ್ಟರಲ್ಲಿ ಬಸ್ಸು ತಂಗುದಾಣಕ್ಕೆ ಬಂದು ನಿಂತಿತು. ನಿಂತಿತು ಎಂದು ಕೆಮ್ಮಿನಿಂದ ಗೊತ್ತಾಯಿತು. ಹೊಗೆ ಅಂಗಳದ ತನಕ ಬಂದು ಲೀಡರ ಬಿಳೀ ಟೋಪಿಯ ಮೇಲೆ ಕೂತಿತು.

“ಹೇಳ್ರಿ ಸಾಹೇಬ್ರ, ಯಾವುದು ಇವರದು?” ಎಂದರು ತಹಶೀಲ್ದಾರರು.

ನಿನ್ನೆಯದು ಎಂದರೆ ಇವತ್ತಿನದಕ್ಕೆ ಉತ್ತರ ಕೊಡಬೇಕು. ಇವತ್ತಿನದು ಎಂದರೆ ನಿನ್ನೆಯ ಎಣಿಕೆಗೆ ಉತ್ತರ ಕೊಡಬೇಕು. ಸಾಹೇಬರ ಬಾಯಿಂದ ಬಂದದ್ದು, “ಎರಡೂ ಇವರದ ರೀ ಸರ್.”

“ಎರಡು ಬ್ಯಾಡ್ರಿ,” ಎಂದರು ಕಾಕು. “ನಿನ್ನೇದು ಇರಲಿ.”

ಹಾಗೆ ಆ ಊರಿಗೆ ಒಳ್ಳೆಯ ಬಸ್ಸು ಉಳಿಯಿತು. ಮೊದಮೊದಲು ಮಂದಿ ಅದನ್ನು ತಪ್ಪಿಸಿಕೊಳ್ಳುತ್ತಲೇ ಇದ್ದರು. ಹೊಗೆ ಕಾಣಲಿಲ್ಲವಲ್ಲ ಎಂದು ಹೊಲದಲ್ಲೇ ಇರುತ್ತಿದ್ದರು. ಕಾಲುವೆಯ ಸೇತುವೆಯ ಮೇಲೆ ಬಂದಾಗ ಉದ್ದಕ್ಕೆ ಹಾರ್ನು ಹೊಡೆಯಬೇಕು ಎಂದು ಕಾಕು ಡ್ರೈವರಿಗೆ ಹೇಳಿಕೊಟ್ಟ ಮೇಲೆ ಎಲ್ಲ ಸರಿಹೋಯಿತು. ಮೊಮ್ಮಗಳು ಕಾಲೇಜು ಮುಗಿಸಿದಳು. ಈಗ ಘಟಪ್ರಭಾದ ಕಡೆ ಒಂದು ಸಾಲಿಯಲ್ಲಿ ಟೀಚರು.

ಈ ಎಲ್ಲದರ ಕೀರ್ತಿಯನ್ನು ನಾನೇ ತೆಗೆದುಕೊಂಡೆ. ನಾನು ತಪ್ಪು ಬರೆಯದೇ ಹೋಗಿದ್ದರೆ ಜೀಪು ಬರುತ್ತಿರಲಿಲ್ಲ, ಜೀಪು ಬರದಿದ್ದರೆ ಯಾರೂ ಆ ಹೊಗೆ ನೋಡುತ್ತಿರಲಿಲ್ಲ. ಆದ್ದರಿಂದ ನನ್ನ ದಡ್ಡತನವೇ ಆ ಊರಿನ ಬಸ್ಸು ಉಳಿಸಿದ್ದು ಎಂದು ಮದುವೆ, ಮುಂಜಿ, ಸಾವಿನ ಮನೆ ಎನ್ನದೆ ಹೇಳಿಕೊಂಡು ತಿರುಗಿದೆ. ಪತ್ರಿಕೆ ಆಮೇಲೆ ನಿಂತಿತು. ನನ್ನಿಂದಲೇ ಅಲ್ಲ ಎಂದು ನಂಬಿದ್ದೇನೆ.

ಒಮ್ಮೆ ಕಾಕು ಎದುರಲ್ಲೇ ಈ ಕತೆ ಹೇಳಿದೆ. ಅವರು ಅಡ್ಡಿ ಮಾಡಲಿಲ್ಲ. ಕೊನೆಗೆ ಮಾತ್ರ, “ಬಾಳಾ, ಅವತ್ತ ಮಿರ್ಚಿ ಕೇಳಿದಿ, ಚಾ ಕೇಳಿದಿ, ನೀರ ಕೇಳಿದಿ. ಒಂದ ಕೇಳಲಿಲ್ಲ” ಎಂದರು.

“ಯಾವುದ್ರಿ?”

“ಎಮ್ಮಿ ಒದರಾಕತ್ತೈತಿ, ತಡಿ,” ಎಂದು ಎದ್ದು ಹೋದರು. ನಾನೂ ಅದನ್ನು ಅಲ್ಲಿಗೇ ಮರೆತೆ.

ಮೊನ್ನೆ ಹುಕ್ಕೇರಿಯಲ್ಲಿ ಆ ಕಂಟ್ರೋಲರು ಸಿಕ್ಕರು. ನಿವೃತ್ತಿಯಾಗಿ ಊರಲ್ಲಿದ್ದಾರೆ. ವಿಭೂತಿ ಹಾಗೇ ಇದೆ, ಮೀಸೆ ಬಿಳಿಯಾಗಿದೆ. ಕಾಕು ಹೋದ ಸುದ್ದಿ ನನಗೆ ತಿಳಿದದ್ದು ಅವರಿಂದಲೇ. ಒಂದು ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ, ತಾಟು ತಾವೇ ತೊಳೆದಿಟ್ಟು, ಮಲಗಿದವರು ಏಳಲಿಲ್ಲವಂತೆ. ಸುಮ್ಮನೆ ಕೂತು ಗೊತ್ತಿಲ್ಲದ ನಾನು, ನನ್ನ ದಡ್ಡತನದಿಂದ ಬಸ್ಸು ಉಳಿದ ಕತೆ ಮತ್ತೆ ಶುರು ಮಾಡಿದೆ.

“ಪಾಪ, ಆ ಬಸ್ ತಮ್ದಂತ ಕಾಕುಗೂ ಗೊತ್ತಾಗಲಿಲ್ಲಲ್ರಿ,” ಎಂದೆ.

ಕಂಟ್ರೋಲರು ನನ್ನನ್ನು ನೋಡಿದರು.

“ಕಾಕುಗ ಗೊತ್ತಿತ್ತು,” ಎಂದರು. “ನಾನ ಹೇಳಿದ್ದೆ. ಇದ ನಿಮ್ಮ ಬಸ್ರಿ ಕಾಕು, ಇವತ್ತ ಮಂದಿ ಎಣಸಾಕ ಬಂದಾರ, ನೀವೊಬ್ರರ ಹತ್ರಿ ಅಂತ. ಇನ್ನ ಹೊತ್ತಿತ್ತು, ಹತ್ತಿದ್ರ ಮನ್ಯಾಗ ಹೋಗಿ ಉಣತಿದ್ರು. ಬಾಗಲದ ತನಾ ಹೋದ್ರು, ಕಂಬಿ ಹಿಡದು ಒಳಗ ಇಣಿಕಿ ನೋಡಿದ್ರು. ಪೂರಾ ಖಾಲಿ. ಹೊಳ್ಳಿ ಬಂದ್ರು.”

“ಯಾಕ್ರಿ?”

“ನಾನೂ ಅದನ್ನ ಕೇಳಿದೆ. ‘ತಮ್ಮಾ, ನಾ ಹತ್ತಿದ್ರ ಒಬ್ಬಾಕಿ ಹತ್ಯಾಳಂತ ಬರೀತಾರ. ಒಬ್ರು ಅಂದ್ರ ಕಡಿಮಿ ಆತು ಅಂದು ಸುಮ್ನಾಗ್ತಾರ. ಒಬ್ರೂ ಇಲ್ಲಂದ್ರ, ಯಾಕ ಇಲ್ಲಂತ ಯಾರರ ಕೇಳಬೇಕಾಗತೈತಿ. ಕೇಳ್ಲಿ, ನಾ ಇಲ್ಲೇ ಕುಂತಿರ್ತೀನಿ’ ಅಂದ್ರು. ಬೆಂಚಿನ ಮ್ಯಾಲ ಕುಂತ್ರು.”

“ಯಾರರ ಕೇಳಿದ್ರೇನ್ರಿ?”

“ಯಾರೂ ಕೇಳಲಿಲ್ಲ. ಎಣಸಾಕ ಬಂದವರು ಅವರ ಮುಂದ ಹಾದು ಹೋದ್ರು. ಹೊತ್ತು ಮುಳಗೂತನಾ ಕುಂತಿದ್ರು ಕಾಕು. ಆಮ್ಯಾಲ ನೀ ಒಬ್ಬ ಬಂದಿ,” ಎಂದರು ಕಂಟ್ರೋಲರು. “ಮಿರ್ಚಿ ತಿಂತೀರೇನು ಅಂತ ಕೇಳಿದಿ.”